ಬಿಡ್ತು ಅನ್ನಿ

ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಪ್ರಯಾಣ ವಿಮೆ ಬೇಕೋ ಬೇಡವೋ? ಒಬ್ಬರಿಗೆ 45 ಪೈಸೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಇಷ್ಟು ದೊಡ್ಡ ವಿಷಯವನ್ನು ನಾನು ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಿಬಿಡುತ್ತೇನೆ. ಬೇಕು. 45 ಪೈಸೆಗೆ ಈಗ ಒಂದು ಪೆಪ್ಪರಮಿಂಟೂ ಬರುವುದಿಲ್ಲ. ಕ್ಷೇಮವಾಗಿ ಬೆಂಗಳೂರು ಮುಟ್ಟಿದ ಮೇಲೆ, ಅಯ್ಯೋ ಆ 45 ಪೈಸೆ ದಂಡವಾಯಿತಲ್ಲ ಎಂದು ಯಾರೂ ಹಲುಬಿದ್ದನ್ನು ನಾನು ಕಂಡಿಲ್ಲ.

ಅದೇ ಪ್ರಶ್ನೆ ಹಡಗಿನ ಪ್ರಯಾಣಕ್ಕೆ ಬಂದಾಗ ನಮ್ಮನೆಯಲ್ಲಿ ಹನ್ನೊಂದು ದಿನ ಚರ್ಚೆ ನಡೆಯಿತು.

ಮಗಳು ಸಿಂಗಪುರದಲ್ಲಿದ್ದಾಳೆ. ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಅವಳೂ ಅಳಿಯನೂ ಸೇರಿ ಕ್ರೂಸ್ ಬುಕ್ ಮಾಡಿದ್ದಾರೆ. ನಾಲ್ಕು ರಾತ್ರಿ. ಸಿಂಗಪುರದಿಂದ ಹೊರಟು ಪಿನಾಂಗ್, ಫುಕೆಟ್ ಮುಟ್ಟಿ ವಾಪಸ್. ಬರುವ ತಿಂಗಳು ಹೊರಡಬೇಕು. ಸುದ್ದಿ ತಿಳಿದ ಕೂಡಲೇ ನಮ್ಮನೆಯವರು ಕೇಳಿದ್ದು ಹಡಗಿನಲ್ಲಿ ತಿಳಿಸಾರು ಸಿಗುತ್ತದಾ ಎಂದು. ಸಸ್ಯಾಹಾರಿ ಊಟ ಇದೆ, ಅದೂ ಎಷ್ಟು ಸಲ ಬೇಕಾದರೂ ಹೋಗಿ ಬಡಿಸಿಕೊಳ್ಳಬಹುದು ಅಂತ ಗೊತ್ತಾದ ಮೇಲೆ ಅವರ ಮಟ್ಟಿಗೆ ತಯಾರಿ ಮುಗಿಯಿತು. ಮಗಳು ಕೇಳಿದ್ದು ಬೇರೆ. "ಅಮ್ಮ, ಇನ್ಶೂರೆನ್ಸ್ ಮಾಡಿಸಿದ್ರಾ?"

ನಮ್ಮಿಬ್ಬರ ಹಡಗಿನ ಅನುಭವ ಅಂದರೆ ಸಿಗಂದೂರಿನ ಲಾಂಚ್. ಇವರ ಊರು ಸಾಗರದ ಹತ್ತಿರ. 2025ರ ಜುಲೈಯಲ್ಲಿ ಸೇತುವೆ ಆಗುವವರೆಗೆ ಆ ಕಡೆಯಿಂದ ಸಿಗಂದೂರಿಗೆ ನೇರವಾಗಿ ಹೋಗಬೇಕೆಂದರೆ ಶರಾವತಿ ಹಿನ್ನೀರನ್ನು ಲಾಂಚ್ ಮೇಲೆಯೇ ದಾಟಬೇಕಿತ್ತು. ಅದರ ಮೇಲೆ ಕಾರು ಹತ್ತುತ್ತಿತ್ತು, ಜೀಪು ಹತ್ತುತ್ತಿತ್ತು, ಬಸ್ಸೂ ಹತ್ತುತ್ತಿತ್ತು. ಉಳಿದ ಜಾಗದಲ್ಲಿ ನಾವು. ಮೊದಲ ಸಲ ಹೋದಾಗ ಮಗಳು ಕಂಕುಳಲ್ಲಿದ್ದಳು. ಕಟಕಟೆ ಹಿಡಿದುಕೊಂಡು ನೀರಿನ ಮೇಲೆ ಎದ್ದು ನಿಂತ ಒಣ ಮರದ ಬೊಡ್ಡೆಗಳನ್ನು ನೋಡುತ್ತಾ ದಾಟಿದ್ದೆವು. ಮುಳುಗಿದರೆ ಏನು ಗತಿ ಅಂತ ಒಂದು ಕ್ಷಣವೂ ಹೊಳೆಯಲಿಲ್ಲ. ಆಚೆ ದಡದಲ್ಲಿ ದೇವಿ ಚೌಡಮ್ಮ ಇದ್ದಾಳಲ್ಲ!

ಅದನ್ನೇ ಇವರು ಈಗ ಹಿಡಿದುಕೊಂಡರು. ನಮ್ಮ ಕಡೆ ತೋಟದ ಬೇಲಿಗೆ, ಮನೆಯ ಗೇಟಿಗೆ ಬೋರ್ಡು ಹಾಕಿರುತ್ತಾರೆ, ಇಲ್ಲಿಗೆ ಸಿಗಂದೂರು ದೇವಿಯ ಕಾವಲಿದೆ ಅಂತ. ಕಳ್ಳರು ಆ ಬೋರ್ಡು ನೋಡಿದರೆ ಅಡಿಕೆ ಮುಟ್ಟುವುದಿಲ್ಲ ಎಂಬ ನಂಬಿಕೆ. "ಅಂಥದ್ದೇ ಒಂದು ಬೋರ್ಡು ತಗೊಂಡು ಹೋಗಿ ಹಡಗಿನ ಮುಂದೆ ಕಟ್ಟೋಣ ಕಣೇ. ಒಂದೇ ಸಲ ಖರ್ಚು. ಷರತ್ತು ಗಿರತ್ತು ಏನೂ ಇಲ್ಲ."

ಇವರಿಗೆ ದುಡ್ಡಿನ ಚಿಂತೆ ಅಂತ ನಾನು ಅಂದುಕೊಂಡೆ. ಇಬ್ಬರಿಗೂ ಸೇರಿ ಮೂರು ಸಾವಿರದ ಚಿಲ್ಲರೆ ಆಗುತ್ತಿತ್ತು. ವಿಮಾನದ ಟಿಕೆಟ್ಟಿನ ಮುಂದೆ ಅದೇನು ದೊಡ್ಡದಲ್ಲ. ಯುರೋಪಿಗೆ ಹೋಗಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ಷೆಂಗೆನ್ ವೀಸಾ ಬೇಕೆಂದರೆ ಕನಿಷ್ಠ 30,000 ಯೂರೋ ಮೊತ್ತದ ಆಸ್ಪತ್ರೆ ಖರ್ಚಿನ ವಿಮೆ ಇರಲೇಬೇಕು. ಅಲ್ಲಿ ನಿಮ್ಮನ್ನು ಯಾರೂ ಕೇಳುವುದಿಲ್ಲ, ಮಾಡಿಸಿ ಅನ್ನುತ್ತಾರೆ, ಮಾಡಿಸುತ್ತೀರಿ. ಬೇಕಾದರೆ ಮಾಡಿಸಿ ಅಂದರಲ್ಲ, ಅಲ್ಲೇ ಬಂದದ್ದು ತಾಪತ್ರಯ.

ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ವಾದ ಶುರುವಾದರೆ ಇತಿಹಾಸಕ್ಕೆ ಹೋಗುವುದು ನನ್ನ ಚಟ. ವಿಮೆ ಹುಟ್ಟಿದ್ದೇ ಹಡಗಿಗೋಸ್ಕರ ಕಣ್ರೀ ಅಂತ ಶುರು ಮಾಡಿದೆ. 1680ರ ದಶಕದಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬುವನ ಕಾಫಿ ಅಂಗಡಿ ಇತ್ತು. ಹಡಗಿನ ಮಾಲೀಕರು, ಕ್ಯಾಪ್ಟನ್ನರು, ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಇಂಥ ಹಡಗು, ಇಂಥ ಸರಕು, ಇಂಥ ಊರಿಗೆ ಹೊರಟಿದೆ ಅಂತ ಬರೆದ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತಿತ್ತು. ನಷ್ಟವಾದರೆ ಇಷ್ಟು ನನ್ನದು ಅಂತ ಒಪ್ಪಿದವನು ಅದರ ಕೆಳಗೆ ತನ್ನ ಹೆಸರು ಬರೆಯುತ್ತಿದ್ದ. ವಿಮೆಯವರನ್ನು ಇವತ್ತಿಗೂ ಅಂಡರ್‌ರೈಟರ್ ಅನ್ನುವುದು ಅದಕ್ಕೇ. ಆ ಅಂಗಡಿಯಿಂದ ಬೆಳೆದ ಸಂಸ್ಥೆಯಲ್ಲಿ ಒಂದು ಗಂಟೆ ಇದೆ. 1799ರಲ್ಲಿ ಡಚ್ ಕರಾವಳಿಯ ಹತ್ತಿರ ಮುಳುಗಿದ ಲ್ಯೂಟೀನ್ ಎಂಬ ಹಡಗಿನದು. 1858ರಲ್ಲಿ ಸಮುದ್ರದಿಂದ ಮೇಲೆತ್ತಿದರು. ಹಡಗು ಮುಳುಗಿದ ಸುದ್ದಿ ಬಂದರೆ ಒಂದು ಸಲ ಬಾರಿಸುತ್ತಿದ್ದರು. ತಡವಾದ ಹಡಗು ಕ್ಷೇಮವಾಗಿ ಬಂತೆಂದರೆ ಎರಡು ಸಲ.

ಇವರು ಪೂರ್ತಿ ಕೇಳಿಸಿಕೊಂಡರು. ಕಾಫಿ ಅಂಗಡಿಯ ಭಾಗ ಇಷ್ಟವಾಯಿತು ಅಂತ ಕಾಣುತ್ತದೆ, ಇನ್ನೊಂದು ಲೋಟ ಕೇಳಿದರು. ಆಮೇಲೆ ಅಂದರು, "ಟೈಟಾನಿಕ್‌ಗೂ ಇನ್ಶೂರೆನ್ಸ್ ಇತ್ತಲ್ಲ. ಮುಳುಗೋದು ತಪ್ಪಿತಾ?"

ಇತ್ತು, 10 ಲಕ್ಷ ಪೌಂಡಿಗೆ. ಮುಳುಗುವುದು ತಪ್ಪಲಿಲ್ಲ ನಿಜ. ನಾಲ್ಕು ದಶಕದಲ್ಲಿ ಇವರ ಇಂಥ ಮಾತಿಗೆ ಉತ್ತರ ಕೊಟ್ಟು ಗೆದ್ದ ನೆನಪು ನನಗಿಲ್ಲ.

ವಾರದ ಕೊನೆಗೆ ಊರಿಗೆ ಹೋದಾಗ ಮೈದುನನ ಅಭಿಪ್ರಾಯ ಕೇಳಿದೆವು. ಅವನಿಗೆ ವಿಮೆ ಅಂದರೆ ಅಡಿಕೆಯ ಹವಾಮಾನ ವಿಮೆ. ವಿಮೆ ಮಾಡಿಸಿದ ಮೊತ್ತದಲ್ಲಿ ನೂರಕ್ಕೆ ಐದನ್ನು ರೈತ ಪ್ರೀಮಿಯಂ ಅಂತ ಕಟ್ಟಬೇಕು, ಪ್ರೀಮಿಯಂನಲ್ಲಿ ಉಳಿದದ್ದು ಸರ್ಕಾರದ್ದು. ಅವನು ವರ್ಷ ವರ್ಷ ಕಟ್ಟುತ್ತಾನೆ, ವರ್ಷ ವರ್ಷ ಬೈಯುತ್ತಾನೆ. "ನಮ್ಮ ತೋಟದಲ್ಲಿ ಕೊಳೆ ರೋಗ ಬಂತಾ, ಅಡಿಕೆ ಉದುರಿತಾ, ಅದೆಲ್ಲ ಅವರಿಗೆ ಬೇಡ ಅತ್ತಿಗೆ. ಪಂಚಾಯ್ತಿಗೆ ಒಂದು ಮಳೆ ಅಳೆಯೋ ಡಬ್ಬ ಇಟ್ಟಿದಾರೆ. ಅದು ಹೇಳಿದ ಮಳೆಗೆ ದುಡ್ಡು. ಒಂದು ವರ್ಷ ಇಲ್ಲಿ ಮರದಲ್ಲಿ ಒಂದು ಕಾಯಿ ಉಳೀಲಿಲ್ಲ, ಡಬ್ಬ ಏನೂ ಆಗಿಲ್ಲ ಅಂತು. ಇನ್ನೊಂದು ವರ್ಷ ಚೆನ್ನಾಗಿ ಬೆಳೆ ಬಂತು, ದುಡ್ಡೂ ಬಂತು. ಹಂಗಾಗಿ ನೀವು ಮೊದಲು ನೋಡ್ಕೊಳ್ಳಿ, ಆ ಹಡಗಿನ ಡಬ್ಬ ಎಲ್ಲಿಟ್ಟಿದಾರೆ ಅಂತ."

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಮಾತು ಹೊಕ್ಕಿತು. ರಾತ್ರಿ ಕೂತು ಪಾಲಿಸಿಯ ಷರತ್ತುಗಳನ್ನು ಓದತೊಡಗಿದೆ. ನಮ್ಮತ್ತೆಗೆ ಎಂಬತ್ತೆಂಟು. ಕಣ್ಣು ಮಂಜು, ಕಿವಿ ಚುರುಕು. "ಏನೇ ಅದು, ಗಟ್ಟಿಯಾಗಿ ಓದು" ಅಂದರು. ಓದಿದೆ. ಒಂದು ಕೈ ಹೋದರೆ ಇಷ್ಟು, ಎರಡು ಕಣ್ಣು ಹೋದರೆ ಇಷ್ಟು.

"ಬಿಡ್ತು ಅನ್ನು!" ಅಂದರು ಅತ್ತೆ.

"ಬಿಡ್ತು" ಅಂದೆ. ಮುಂದಿನ ಸಾಲು ಪರದೇಶದಲ್ಲಿ ಸತ್ತರೆ ಶವವನ್ನು ಊರಿಗೆ ತರುವ ಖರ್ಚಿನದು. ಮತ್ತೆ ಬಿಡ್ತು. ಸಾಮಾನು ಕಳೆದರೆ, ಬಿಡ್ತು. ಪಾಸ್‌ಪೋರ್ಟ್ ಕಳೆದರೆ, ಬಿಡ್ತು. ಇಪ್ಪತ್ತಾರು ಪುಟ ಇತ್ತು. ಬಿಡ್ತು ಅನ್ನಬೇಕಾದ ಮಾತುಗಳನ್ನೇ ಹೆಕ್ಕಿ ಹೆಕ್ಕಿ, ನಂಬರ್ ಹಾಕಿ, ಒಂದೊಂದಕ್ಕೂ ದರ ಬರೆದ ಇಂಥ ಪುಸ್ತಕವನ್ನು ನಮ್ಮತ್ತೆ ತಮ್ಮ ಜನ್ಮದಲ್ಲೇ ಕೇಳಿರಲಿಲ್ಲ. ನಾಲ್ಕನೇ ಪುಟಕ್ಕೆ ಎದ್ದು ದೇವರ ಮನೆಗೆ ಹೋದರು. ಒಂದು ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಟ್ಟು ಬಂದು ಮಲಗಿದರು. ಅವರ ಪ್ರೀಮಿಯಂ ಕಟ್ಟಿ ಆಯಿತು.

ನಾನು ಓದುತ್ತಲೇ ಇದ್ದೆ. ಸುಮಾರು ವಿಷಯ ನಮಗೆ ಬೇಡದ್ದು. ವಿಮಾನ ತಡವಾಗಿ ಹಡಗು ತಪ್ಪಿದರೆ ದುಡ್ಡು ಕೊಡುತ್ತಾರಂತೆ. ಹಡಗು ಯಾರಿಗೂ ಕಾಯುವುದಿಲ್ಲ, ಆದರೆ ನಾವು ಮೂರು ದಿನ ಮೊದಲೇ ಹೋಗಿ ಮಗಳ ಮನೆಯಲ್ಲಿ ಕೂತಿರುತ್ತೇವೆ. ಕ್ರೂಸ್ ರದ್ದಾದರೆ ವಾಪಸ್ ಬರುವ ಹಣದ ವಿಷಯವೂ ಅಷ್ಟೆ. ಟಿಕೆಟ್ಟಿಗೆ ದುಡ್ಡು ಕಟ್ಟಿದ್ದು ಮಗಳು, ಸಿಂಗಪುರದಲ್ಲಿ, ರಸೀದಿ ಅವಳ ಹೆಸರಲ್ಲಿ. ನಾವಿಲ್ಲಿ ಶಿವಮೊಗ್ಗದಲ್ಲಿ ಕೂತು ಅದನ್ನು ಕೇಳುವುದು ಹೇಗೆ? ಆ ಭಾಗ ಅವಳೇ ಅಲ್ಲಿ ನೋಡಿಕೊಳ್ಳಲಿ ಅಂತ ಬಿಟ್ಟೆ. ಗಾಳಿ ಮಳೆ ಜಾಸ್ತಿಯಾದರೆ ಕ್ಯಾಪ್ಟನ್ ಒಂದು ಬಂದರನ್ನು ಬಿಟ್ಟು ಮುಂದೆ ಹೋಗಬಹುದು ಅಂತ ಹಡಗಿನವರ ಷರತ್ತಿನಲ್ಲೇ ಇದೆ. ಫುಕೆಟ್ ನೋಡದಿದ್ದರೆ ನನಗೇನೂ ನಷ್ಟವಿಲ್ಲ.

ಬೇಕಾದದ್ದು ಒಂದೇ ಕಂಡಿತು, ಆಸ್ಪತ್ರೆ. ಹಡಗಿನಲ್ಲಿ ಡಾಕ್ಟರು ಇರುತ್ತಾರೆ. ಆದರೆ ಊಟದ ಹಾಗೆ ಅವರು ಟಿಕೆಟ್ಟಿನಲ್ಲಿ ಸೇರಿದವರಲ್ಲ. ನೋಡಿದ್ದಕ್ಕೆ, ಇಂಜೆಕ್ಷನ್ನಿಗೆ, ಡ್ರಿಪ್ಪಿಗೆ ಬೇರೆ ಬೇರೆ ಬಿಲ್ಲು, ಎಲ್ಲ ಕೋಣೆಯ ಲೆಕ್ಕಕ್ಕೆ ಬರೆದು ಇಳಿಯುವಾಗ ವಸೂಲು. ದೊಡ್ಡ ಕಾಯಿಲೆಯಾದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ. ಅಷ್ಟು ಹೊತ್ತು ತಡೆಯಲಾಗದಿದ್ದರೆ ಹೆಲಿಕಾಪ್ಟರ್ ಬರಬೇಕು. ಅದಕ್ಕೆ ಹತ್ತಾರು ಸಾವಿರ ಡಾಲರ್ ಆಗುವುದುಂಟು. ಬಸ್ಸಿನಲ್ಲಿ ತಲೆ ತಿರುಗಿದರೆ, ಡ್ರೈವರ್ ಸ್ವಲ್ಪ ನಿಲ್ಸಿ ಅನ್ನಬಹುದು. ಸಮುದ್ರದ ನಡುವೆ ಹಾಗೆ ಅನ್ನುವ ಹಾಗಿಲ್ಲ ಅಲ್ವಾ? 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದು ನಿಲ್ಲಿಸಿದ್ದು ನಮಗೆಲ್ಲ ನೆನಪಿದೆ. ಸುಮಾರು 3,700 ಜನ ಹಡಗಿನಲ್ಲಿದ್ದರು. 700ಕ್ಕೂ ಹೆಚ್ಚು ಜನಕ್ಕೆ ಕೊರೋನಾ ತಗುಲಿತು. ದಡ ಕಣ್ಣಿಗೆ ಕಾಣುತ್ತಿತ್ತು, ಇಳಿಯುವಂತಿರಲಿಲ್ಲ.

ಇನ್ನೊಂದು ವಿಷಯವೂ ಗೊತ್ತಾಯಿತು. ವಿದೇಶ ಪ್ರಯಾಣದ ಎಲ್ಲ ಪಾಲಿಸಿಯಲ್ಲೂ ಹಡಗು ಸೇರಿರುವುದಿಲ್ಲ. ಕೆಲವದರಲ್ಲಿ ಕ್ರೂಸ್ ಅಂತ ಬೇರೆ ಗುರುತು ಹಾಕಿ, ಬೇರೆ ದುಡ್ಡು ಕೊಡಬೇಕು. ಮೈದುನ ಹೇಳಿದ ಡಬ್ಬ ಸಿಕ್ಕಿತು ಅಂದುಕೊಂಡೆ.

ಶಿವಮೊಗ್ಗಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದು ಅರ್ಜಿ ತುಂಬಲು ಕೂತೆ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್. ಇವರು ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ಬೇಡ ಅನ್ನಲಿಲ್ಲ. ಆಗ ಆ ಪ್ರಶ್ನೆ ಬಂತು. ಮೊದಲಿನಿಂದ ಇರುವ ಕಾಯಿಲೆಗಳೇನಾದರೂ ಇವೆಯೇ?

"ಇಲ್ಲ ಅಂತ ಹಾಕು" ಅಂದರು, ಪೇಪರಿನಿಂದ ತಲೆ ಎತ್ತದೆ.

"ಬಿಪಿ?"

"ಅದು ಕಾಯಿಲೆನಾ? ಎಲ್ಲರಿಗೂ ಇರತ್ತೆ."

"ಹನ್ನೊಂದು ವರ್ಷದಿಂದ ಮಾತ್ರೆ ತಗೊಳ್ತಿದೀರಿ."

"ತಗೊಳ್ತಿದೀನಿ, ಅದಕ್ಕೇ ಬಿಪಿ ಇಲ್ಲ."

ಇದಕ್ಕೇನು ಹೇಳುತ್ತೀರಿ? ಬಚ್ಚಿಟ್ಟರೆ ಆಮೇಲೆ ಕ್ಲೇಮು ಕೊಡುವುದಿಲ್ಲ, ಕಟ್ಟಿದ ದುಡ್ಡೂ ದಂಡ ಅಂದೆ. ಹೇಳಿದರೂ ಎಲ್ಲ ಕೊಡುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ ಪ್ರಾಣಕ್ಕೆ ಬಂದಾಗ ಮಾತ್ರ, ಅದೂ ಒಂದು ಮಿತಿಯವರೆಗೆ ಅಂತ ಇದೇ ಪಾಲಿಸಿಯಲ್ಲಿ ಬರೆದಿದೆ ಅಂತಲೂ ಓದಿ ಹೇಳಿದೆ. ಇವರಿಗೆ ಅದು ಬೇಕಿರಲಿಲ್ಲ. ಹನ್ನೊಂದು ದಿನದಿಂದ ದೇವಿಯ ಬೋರ್ಡು, ಟೈಟಾನಿಕ್ಕು ಅಂತ ಆಡಿದ ಮಾತೆಲ್ಲ ಈ ಒಂದು ಸಾಲನ್ನು ದಾಟಿಸುವುದಕ್ಕೆ ಅಂತ ನನಗೆ ಆಗ ಗೊತ್ತಾಯಿತು. ಮಾತ್ರೆಯ ಡಬ್ಬಿಯನ್ನು ಇವರು ಇಡುವುದು ಕಾಫಿ ಪುಡಿ ಡಬ್ಬದ ಹಿಂದೆ. ನೆಂಟರು ಬಂದರೆ ಆಗ ನುಂಗುವುದಿಲ್ಲ. ಮಗಳಿಗೆ ಎಷ್ಟು ಪವರಿನ ಮಾತ್ರೆ ಅಂತ ಇವತ್ತಿಗೂ ಸರಿಯಾಗಿ ಹೇಳಿಲ್ಲ.

"ಸರಿ, ನಿಂದೇನು ಬರೀತೀಯ?" ಅಂದರು.

ನನ್ನದು? ನನಗೇನಿದೆ ಅನ್ನಲು ಹೊರಟು ಸುಮ್ಮನಾದೆ. ದೀಪಾವಳಿಯ ಹೊತ್ತಿಗೆ ಎರಡು ಸಲ ತಲೆ ಸುತ್ತಿ ಅಡಿಗೆಮನೆಯಲ್ಲಿ ಗೋಡೆ ಹಿಡಿದು ಕೂತಿದ್ದೆ. ಒಬ್ಬಳೇ ಹೋಗಿ ಡಾಕ್ಟರಿಗೆ ತೋರಿಸಿದ್ದೆ. ಸಕ್ಕರೆ ಅಂಚಿನಲ್ಲಿದೆ, ಒಂದು ಮಾತ್ರೆ ಶುರು ಮಾಡಿ ಅಂದಿದ್ದರು. ಇವರಿಗೆ ಹೇಳಿರಲಿಲ್ಲ. ಹೇಳಿದರೆ ಮನೆಯಲ್ಲಿ ಹೋಳಿಗೆ ನಿಲ್ಲುತ್ತದೆ ಅಂತ ಸುಮ್ನೆ ಇದ್ದೆ. ವಿಮೆ ವಿಮೆ ಅಂತ ನಾನು ಹಟ ಹಿಡಿದದ್ದು ಇವರ ಬಿಪಿಗೆ ಅಂತ ಇವರೂ ತಿಳಿದಿದ್ದರು. ನಾನೂ ಹಾಗೇ ತಿಳಿದುಕೊಂಡಿದ್ದೆ ಅಂದರೆ ಸುಳ್ಳಾಗುತ್ತದೆ.

"ಶುಗರ್" ಅಂದೆ.

ಪೇಪರ್ ಮಡಚಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಯಾವಾಗಿಂದ?" ಅಂದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮಾತ್ರೆ ಎಲ್ಲಿಟ್ಟಿದೀಯ ಅಂದರು. ಅವಲಕ್ಕಿ ಡಬ್ಬದಲ್ಲಿ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಆಮೇಲೆ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ, ಇಬ್ಬರ ಹೆಸರಿನ ಮುಂದೆಯೂ ಹೌದು ಅಂತ ಒತ್ತಿದರು. ಪ್ರೀಮಿಯಂ ಆರುನೂರು ರೂಪಾಯಿ ಮೇಲೇರಿತು. ಏನೂ ಅನ್ನಲಿಲ್ಲ.

ಕೊನೆಗೆ ನಾಮಿನಿ. ಇವರದ್ದಕ್ಕೆ ನಾನು, ನನ್ನದಕ್ಕೆ ಇವರು ಅಂತ ಬರೆದೆವು. ಒತ್ತಬೇಕು ಅನ್ನುವಾಗ ಇವರು ತಡೆದರು. "ಅಲ್ಲ, ಇಬ್ಬರೂ ಒಂದೇ ಹಡಗಲ್ಲಿ ಇರ್ತೀವಲ್ಲ?" ಬಿಡ್ತು ಅನ್ನಿ ಅಂದೆ. ಅಂದು, ಮಗಳ ಹೆಸರು ಹಾಕಿದೆ. ಅವಳೂ ಅದೇ ಹಡಗಿನಲ್ಲಿರುತ್ತಾಳೆ. ಅಳಿಯ? ಅವನೂ ಅಲ್ಲೇ. ಅತ್ತೆಯನ್ನು ಬಿಟ್ಟರೆ ಇಡೀ ಸಂಸಾರದಲ್ಲಿ ನೀರಿನ ಮೇಲೆ ಇರದವನು ಮೈದುನ ಒಬ್ಬನೇ. ಲಾಂಚಿದ್ದ ಕಾಲದಲ್ಲೂ ಅವನು ದಡದಲ್ಲೇ ಬೈಕ್ ನಿಲ್ಲಿಸಿಕೊಂಡು ನಿಂತು, ನಮ್ಮ ಕೈಲಿ ಹಣ್ಣುಕಾಯಿ ಕೊಟ್ಟು ಕಳಿಸುತ್ತಿದ್ದವನು.

ಫೋನ್ ಮಾಡಿ ಹೇಳಿದೆವು. ಅವನು ಏನೂ ಮಾತಾಡಲಿಲ್ಲ. ಹಿಂದೆ ತೋಟದಲ್ಲಿ ಮಂಗ ಓಡಿಸುವ ಸದ್ದು ಕೇಳುತ್ತಿತ್ತು.

"ಅತ್ತಿಗೆ, ಆ ಕ್ಲೇಮಿಗೆ ಎಷ್ಟು ಫಾರಂ ತುಂಬಬೇಕು?" ಅಂದ.

ಹನ್ನೆರಡು ದಾಖಲೆ ಕೇಳುತ್ತಾರಂತೆ, ಎಲ್ಲದರ ಜೆರಾಕ್ಸೂ ಬೇಕಂತೆ ಅಂದೆ.

"ಅಷ್ಟೆಲ್ಲ ಓಡಾಡೋಕೆ ನನ್ನ ಕೈಲಾಗಲ್ಲ. ಕೊಯ್ಲಿನ ಟೈಮು. ನೀವೇ ಸರಿಯಾಗಿ ವಾಪಸ್ ಬಂದ್ಬಿಡಿ."