ಬೆರ್ತ್ ಮೊರಿಸೊ ಯಾರ ನೆರಳೂ ಅಲ್ಲ

ಈಗಷ್ಟೇ ಇಂಪ್ರೆಷನಿಸಂ ಎಂಬ 19ನೆಯ ಶತಮಾನದ ಫ್ರೆಂಚ್ ಚಿತ್ರಕಲಾ ಚಳವಳಿ ಕುರಿತ ಉಪನ್ಯಾಸವೊಂದನ್ನು ಕೇಳಿ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಮೋನೆ, ರೆನ್ವಾ, ದೆಗಾ, ಪಿಸಾರೊ ಎಲ್ಲರ ಚಿತ್ರಗಳನ್ನೂ ಪರದೆಯ ಮೇಲೆ ತೋರಿಸಿದ ಉಪನ್ಯಾಸಕರು ಅದೇ ಬಳಗದ ಚಿತ್ರಕಾರ್ತಿ ಬೆರ್ತ್ ಮೊರಿಸೊ ಬಗ್ಗೆ ಹೇಳಿದ್ದು ಒಂದೇ ಮಾತು: ಆಕೆ ಚಿತ್ರಕಾರ ಎದುವಾರ್ ಮಾನೆಯವರ ರೂಪದರ್ಶಿ, ಮುಂದೆ ಅವರ ತಮ್ಮ ಯುಜೆನ್‌ರನ್ನು ಮದುವೆಯಾದವರು. ಆಕೆ ಬರೆದ ಒಂದು ಚಿತ್ರವನ್ನೂ ತೋರಿಸಲಿಲ್ಲ. ಮಾನೆ ಬರೆದ ಆಕೆಯ ಮುಖವನ್ನು ಮಾತ್ರ ತೋರಿಸಿದರು.

1874ರಿಂದ 1886ರವರೆಗೆ ಈ ಬಳಗ ನಡೆಸಿದ 8 ಪ್ರದರ್ಶನಗಳಲ್ಲಿ 7ರಲ್ಲಿ ಮೊರಿಸೊ ಭಾಗವಹಿಸಿದ್ದರು. ಮಗಳು ಜೂಲಿ ಹುಟ್ಟಿದ ಮರುವರ್ಷ, 1879ರದ್ದು ಮಾತ್ರ ತಪ್ಪಿತು. ಮೋನೆ ಇದ್ದದ್ದು 5ರಲ್ಲಿ, ಮಾನೆ ಒಂದರಲ್ಲೂ ಇರಲಿಲ್ಲ. ಹಾಗಿದ್ದೂ ಆಕೆಯನ್ನು ಪರಿಚಯಿಸಲು ಮಾನೆಯ ಹೆಸರೇ ಏಕೆ ಬೇಕು? 1870ರಲ್ಲಿ ತಾಯಿ ಮತ್ತು ಅಕ್ಕ ಎಡ್ಮಾರನ್ನು ಬರೆದ ಚಿತ್ರವನ್ನು ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ಗೆ ಕಳುಹಿಸುವ ಮುನ್ನ ಆಕೆ ಸಲಹೆ ಕೇಳಿದಾಗ, ಮಾನೆ ತಾವೇ ಕುಂಚ ಹಿಡಿದು ತಾಯಿಯ ಉಡುಪಿನ ಅಂಚಿನಿಂದ ಮುಖದವರೆಗೆ ತಿದ್ದಿಬಿಟ್ಟರು. ಆಕೆಗೆ ಅದರಿಂದ ಬಹಳ ನೋವಾಯಿತು. ಆಕೆಯ ಮೇಲೆ ಇನ್ನೊಬ್ಬರು ಬಣ್ಣ ಬಳಿಯುವ ಆ ಕೆಲಸವನ್ನು ನಾವು ಇಂದಿಗೂ ಮುಂದುವರಿಸುತ್ತಿದ್ದೇವೆ.

ಆಕೆಯ ಚಿತ್ರಗಳ ವಸ್ತು ತೀರ ಕಿರಿದು, ಬರೀ ಮನೆ, ಮಗು, ತೋಟ ಎನ್ನುವವರಿದ್ದಾರೆ. ಆದರೆ ಆಕೆಯಂಥ ಸ್ಥಿತಿವಂತ ವರ್ಗದ ಹೆಣ್ಣುಮಗಳು ದೆಗಾರಂತೆ ಒಂಟಿಯಾಗಿ ಕೆಫೆಯಲ್ಲಿ ಕೂರುವಂತಿರಲಿಲ್ಲ. ಪ್ಯಾರಿಸ್ಸಿನ ಸರಕಾರಿ ಕಲಾಶಾಲೆ ಹೆಂಗಸರಿಗೆ ಬಾಗಿಲು ತೆರೆದದ್ದೇ 1897ರಲ್ಲಿ. ಅಷ್ಟಕ್ಕೂ 1872ರ ‘ತೊಟ್ಟಿಲು’ ಚಿತ್ರವನ್ನು ಒಮ್ಮೆ ನಿಂತು ನೋಡಿ. ತೆಳುಪರದೆಯ ಬಿಳುಪಿನೊಳಗೆ ನೀಲಿ, ಬೂದು, ನಸುಗೆಂಪು ಸುಳಿಯುತ್ತವೆ. ತಾಯಿಯ ಮಡಿಸಿದ ತೋಳು ಮಲಗಿದ ಮಗುವಿನ ಮಡಿಸಿದ ತೋಳಿಗೆ ಉತ್ತರ ಕೊಡುತ್ತದೆ. ಆ ತಾಯಿ ಎಡ್ಮಾ. ತಂಗಿಯ ಜೊತೆಗೆ ಚಿತ್ರಕಾರ ಕೊರೊ ಅವರಲ್ಲಿ ಕಲಿತು, ಮದುವೆಯ ನಂತರ ಕುಂಚ ಕೆಳಗಿಟ್ಟವರು. ಇದು ನನಗೆ ಕಿರಿದಾದ ವಸ್ತುವಾಗಿ ಕಾಣುವುದಿಲ್ಲ.

ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಮಾನೆಯವರ ‘ಬಾಲ್ಕನಿ’ ಚಿತ್ರದ ಒಂದು ಪ್ರತಿ ನನ್ನ ಕೋಣೆಯ ಗೋಡೆಯ ಮೇಲೆ ವರ್ಷಗಟ್ಟಲೆ ಇತ್ತು. ಅದರಲ್ಲಿ ಮುಂದೆ ಕುಳಿತ ಆ ಕಪ್ಪು ಕಣ್ಣುಗಳ ಹೆಣ್ಣು ಸ್ವತಃ ಚಿತ್ರಕಾರ್ತಿ ಎಂದು ತಿಳಿಯುವ ಗೋಜಿಗೇ ನಾನು ಹೋಗಿರಲಿಲ್ಲ. ಇವತ್ತಿನ ಸಿಟ್ಟಿನಲ್ಲಿ ಆ ಪಶ್ಚಾತ್ತಾಪವೂ ಸೇರಿದೆ.

1895ರ ಮಾರ್ಚ್ 2ರಂದು, 54ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಾಗ ಮರಣಪತ್ರದಲ್ಲಿ ‘ಉದ್ಯೋಗವಿಲ್ಲ’ ಎಂದು ಬರೆಯಲಾಯಿತು. ಪ್ಯಾರಿಸ್ಸಿನ ಪಾಸಿ ಸ್ಮಶಾನದಲ್ಲಿ ಆಕೆಯ ಸಮಾಧಿಯ ಕಲ್ಲಿನ ಮೇಲೆ ‘ಯುಜೆನ್ ಮಾನೆಯ ವಿಧವೆ’ ಎಂದು ಕೆತ್ತಲಾಯಿತು. ಮರುವರ್ಷ ದೆಗಾ, ಮೋನೆ, ರೆನ್ವಾ ಸೇರಿ ಆಕೆಯ ಸುಮಾರು 400 ಕೃತಿಗಳನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕಿಟ್ಟರು. ಅವುಗಳಲ್ಲಿ ಒಂದನ್ನಾದರೂ ಇಂದು ತೋರಿಸಬಹುದಿತ್ತು.