ಶೆಟ್ಟರಿಗೆ ತಡೆ, ವೈರಸ್ಸಿಗೆ ರೈಟ್ ರೈಟ್

ಕೊರೊನಾಕ್ಕೆ ಹೆದರಿ ನಿಲ್ಲಿಸಿದ್ದ ವಿದೇಶಿ ವಿಮಾನಗಳನ್ನು ಬೇಗ ಬಿಟ್ಟರಾ, ಸರಿಯಾದ ಹೊತ್ತಿಗೆ ಬಿಟ್ಟರಾ? ಮುಂಬಯಿಯ ಮಾಟುಂಗದ ಹೋಟೆಲುಗಳಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಬೇಗವೋ ತಡವೋ, ಮುಹೂರ್ತ ನೋಡುವುದರಲ್ಲಿ ಮಾತ್ರ ನಮ್ಮ ಸರ್ಕಾರಕ್ಕೆ ಸಾಟಿಯಿಲ್ಲ. 2021ರ ನವೆಂಬರ್ 26ರಂದು ಅಪ್ಪಣೆಯಾಯಿತು: ಡಿಸೆಂಬರ್ 15ರಿಂದ ವಿಮಾನಗಳು ಮೊದಲಿನಂತೆ ಹಾರಲಿವೆ. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಹೊಸ ತಳಿಗೆ ಒಮಿಕ್ರಾನ್ ಅಂತ ಹೆಸರಿಟ್ಟಿತು. ಲಗ್ನಪತ್ರಿಕೆ ಹಂಚಿದ ದಿನವೇ ಹುಡುಗ ಓಡಿಹೋದ ಹಾಗೆ. ಡಿಸೆಂಬರ್ 1ರಂದು ಸರ್ಕಾರ ಆ ಮುಹೂರ್ತವನ್ನೇ ಮುಂದೂಡಿತು.

ಅಲ್ಲಿಯ ತನಕ ಮುಚ್ಚಿದ್ದಾದರೂ ಎಷ್ಟು? 2020ರ ಮಾರ್ಚ್ 23ಕ್ಕೆ ಬಂದ್ ಆಗಿದ್ದು ನಿಜ. ಆದರೆ ಜುಲೈನಲ್ಲೇ 'ಏರ್ ಬಬಲ್', ಅಂದರೆ ಎರಡು ದೇಶಗಳು ಒಪ್ಪಂದ ಮಾಡಿಕೊಂಡು ಬಿಡುವ ವಿಮಾನಗಳು, ಶುರುವಾಯಿತು. ದುಡ್ಡಿದ್ದವರು ಹೋಗುತ್ತ ಬರುತ್ತ ಇದ್ದರು.

ಇತ್ತ ನಮ್ಮ ಶೆಟ್ಟರ ಪಾಡು ಕೇಳಿ. ಹೋಟೆಲು ಮಾಟುಂಗದಲ್ಲಿ, ಮನೆ ಡೊಂಬಿವಲಿಯಲ್ಲಿ. 2021ರ ಆಗಸ್ಟ್ 15ರಿಂದ ಲೋಕಲ್ ರೈಲು ಹತ್ತಬೇಕಾದರೆ ಲಸಿಕೆಯ ಎರಡು ಡೋಸ್ ಆಗಿರಬೇಕು, ಅದರ ಮೇಲೆ 14 ದಿನ ಕಳೆದಿರಬೇಕು. ಅದೂ ಆಯಿತು. ಆ ತಿಂಗಳು ಊರಲ್ಲಿ ತಮ್ಮನ ಮಗಳ ಮದುವೆ ಅಂತ ಹೊರಟರೆ, ಕರ್ನಾಟಕದ ಗಡಿಯಲ್ಲಿ, ನಿಪ್ಪಾಣಿ ಹತ್ತಿರ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಬಸ್ಸಿಗೆ ತಡೆ. ಶೆಟ್ಟರು ಹೆಮ್ಮೆಯಿಂದ ಡೋಸಿನ ಸರ್ಟಿಫಿಕೇಟ್ ತೆಗೆದರು.

"ಅದು ನಡೆಯಲ್ಲ ಯಜಮಾನ್ರೇ. 72 ಗಂಟೆ ಒಳಗಿನ ಆರ್‌ಟಿ-ಪಿಸಿಆರ್ ತೋರ್ಸಿ."

"ನಾನು ದುಬೈಯಿಂದ ಬಂದವನಲ್ಲ ಸಾರ್, ಡೊಂಬಿವಲಿಯವನು."

"ಅದಕ್ಕೇ ನಿಲ್ಸಿದ್ದು."

ವಿಮಾನ ನಿಲ್ದಾಣದ ಗಣಿತ ಬೇರೆ. ಡಿಸೆಂಬರ್ 1ರಿಂದ ಅಪಾಯದ ಪಟ್ಟಿಯ ದೇಶಗಳಿಂದ ಬಂದವರಿಗೆಲ್ಲ ಟೆಸ್ಟ್. ಉಳಿದವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ಆ ಇಬ್ಬರ ಮೂಗಲ್ಲೇ ಕೂರುತ್ತೇನೆ ಅಂತ ಒಮಿಕ್ರಾನ್ ಬಹುಶಃ ಬರೆದುಕೊಟ್ಟಿತ್ತು! ಮಹಾರಾಷ್ಟ್ರ ಇದಕ್ಕಿಂತ ಬಿಗಿಯಾದ ನಿಯಮ ಮಾಡಿದರೆ, ನಮ್ಮದಕ್ಕೆ ಹೊಂದುವುದಿಲ್ಲ ಅಂತ ದೆಹಲಿಯಿಂದ ಪತ್ರ ಬಂತು. ಮುಂಬಯಿ ತಿದ್ದಿಕೊಂಡಿತು. ಸುಮ್ನೆ ಕಾಗದ ಹಾಳು.

ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಹೊರಬಿದ್ದವು, ಅದೂ ಬೆಂಗಳೂರಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದಿಂದ ನೆಗೆಟಿವ್ ರಿಪೋರ್ಟ್ ಹಿಡಿದೇ ಬಂದಿದ್ದವರು. ನಾವು ಹುಡುಕುವ ಹೊತ್ತಿಗೆ ದುಬೈ ಸೇರಿ ಐದು ದಿನವಾಗಿತ್ತು. ಇನ್ನೊಬ್ಬರು ಬೆಂಗಳೂರಿನ ಡಾಕ್ಟರು. ವಿದೇಶಕ್ಕೆ ಹೋಗಿಯೇ ಇರಲಿಲ್ಲ!

ಕೊನೆಗೆ ವಿಮಾನಗಳಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 2022ರ ಮಾರ್ಚ್ 27ಕ್ಕೆ. ಅಷ್ಟರಲ್ಲಿ ಮೂರನೇ ಅಲೆ ಬಂದು, ಮನೆಮನೆ ಸುತ್ತಿ, ಇಳಿದೂ ಹೋಗಿತ್ತು. ಬೇಗ ಆಯಿತಾ ಅಂತ ವೈರಸ್ಸನ್ನು ಕೇಳಿದ್ದರೆ, ತುಂಬಾ ತಡವಾಯಿತು ಅನ್ನುತ್ತಿತ್ತು.