ಹೂರಣದ ಕಪ್‌ಕೇಕು

ಮಗಳು ಗೆಳತಿಯ ಹುಟ್ಟುಹಬ್ಬ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸಿದಳು. “ಅಪ್ಪಾ, ಚಾಕಲೇಟ್ ಕಪ್‌ಕೇಕ್ ಕೊಟ್ರು. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಕಚ್ಚಿದ್ರೆ ಒಳಗೆ ಬೆಳ್ಳಗೆ ಕ್ರೀಮು!” ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ನನ್ನಮ್ಮ ತಲೆಯೆತ್ತದೆ, “ಹೂರಣ ಅನ್ನು,” ಎಂದಳು.

ಅಷ್ಟೇ. ಹೋಳಿಗೆ, ಕಡುಬು, ಕರ್ಜಿಕಾಯಿ, ಸುಕ್ಕಿನುಂಡೆ ತಿಂದು ಬೆಳೆದವರಿಗೆ ಒಳಗೊಂದು ಗುಟ್ಟು ಇಟ್ಟುಕೊಂಡ ತಿಂಡಿಯ ಬಗ್ಗೆ ಇನ್ನೇನು ವಿವರಿಸಬೇಕು? ಹೊರಗಿನದು ನೆಪ, ಒಳಗಿನದಕ್ಕೇ ನಾವು ಬಾಯಿ ಬಿಡುವುದು. ಆ ಧೈರ್ಯದಲ್ಲೇ ನಾನು, “ಭಾನುವಾರ ಮನೇಲೇ ಮಾಡೋಣ ಬಿಡು,” ಎಂದುಬಿಟ್ಟೆ. ನನ್ನ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು ಒಮ್ಮೆ ನನ್ನನ್ನು ನೋಡಿ ಒಳಗೆ ಹೋದಳು. ನಮ್ಮಲ್ಲಿ ಒಂದು ಓಟಿಜಿ ಇದೆ, ಕೇಕು ಬೇಯಿಸುವ ಪುಟ್ಟ ಕರೆಂಟು ಒಲೆ. 2020ರ ಲಾಕ್‌ಡೌನಿನಲ್ಲಿ ಊರಿಗೆಲ್ಲ ಬೇಕಿಂಗ್ ಹುಚ್ಚು ಹಿಡಿದಾಗ ತಂದದ್ದು. ಹುಚ್ಚು ಇಳಿದ ಮೇಲೆ ಅದರೊಳಗೆ ಹಪ್ಪಳದ ಡಬ್ಬಿ ವಾಸ ಮಾಡುತ್ತಿತ್ತು.

ಮೊದಲ ತೊಡಕು ಮೊಟ್ಟೆ. ಅಮ್ಮ ಆ ಪದವನ್ನು ಬಾಯಲ್ಲಿ ಆಡುವುದಿಲ್ಲ. ಯಾರು ಕೇಕ್ ಕೊಟ್ಟರೂ, “ಇದಕ್ಕೆ ಅದು ಹಾಕಿದಾರಾ?” ಎಂದು ಮೆಲ್ಲಗೆ ಕೇಳುತ್ತಾಳೆ. ಅವಳು ಕಣ್ಣುಮುಚ್ಚಿ ತಿನ್ನುವ ಕೇಕು ಅಂದರೆ ಅಯ್ಯಂಗಾರ್ ಬೇಕರಿಯದು. ಬೆಂಗಳೂರಿನಲ್ಲಿ ಬಿ.ಬಿ. ಬೇಕರಿ 1898ರಲ್ಲಿ ಶುರುವಾಯಿತಂತೆ. ಆಮೇಲೆ ಹಾಸನದ ಕಡೆಯ ಅಯ್ಯಂಗಾರರು ಊರೂರಿಗೂ ಹೋಗಿ ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಹರಡಿದರು. ಆ ಬೋರ್ಡಿನ ಮೇಲಿನ ‘ಅಯ್ಯಂಗಾರ್’ ಎಂಬ ನಾಲ್ಕಕ್ಷರವೇ ಅಮ್ಮನಂಥವರಿಗೆ ಗ್ಯಾರಂಟಿ ಚೀಟಿ. ಪಾಕ ಕುಡಿದು ಒದ್ದೆಯಾದ ಹನಿ ಕೇಕು, ಮೇಲೆ ಜ್ಯಾಮು, ಅದರ ಮೇಲೆ ಕೊಬ್ಬರಿ ತುರಿ. ಅದು ಕೇಕೇ ಅಲ್ಲ, ನಮ್ಮ ಕಡೆಯ ಯಾವುದೋ ಸಿಹಿತಿಂಡಿ ಎಂದೇ ಅವಳ ಅಭಿಪ್ರಾಯ. ಪೂರ್ತಿ ತಪ್ಪೂ ಅಲ್ಲ.

ಹಾಗಾಗಿ ಮೊಟ್ಟೆಯ ಜಾಗಕ್ಕೆ ಮೊಸರು ಬಂತು. ಒಂದು ಕಪ್ ಗಟ್ಟಿ ಮೊಸರು, ಒಂದು ಕಪ್ ಸಕ್ಕರೆ, ಅದಕ್ಕೆ ಒಂದು ಚಮಚ ಅಡುಗೆ ಸೋಡಾ. ಹುಳಿಗೆ ಸೋಡಾ ತಗುಲಿದ್ದೇ ತಡ, ಬಟ್ಟಲು ಬುಸುಗುಟ್ಟಿ ಮೊಸರು ಉಬ್ಬಿತು. ಮಗಳಿಗೆ ಅದೇ ಮ್ಯಾಜಿಕ್ಕು. ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಮೈದಾ, ಮೂರನೇ ಒಂದು ಕಪ್ ಕೋಕೋ, ಎರಡನ್ನೂ ಒಟ್ಟಿಗೆ ಜರಡಿ ಹಿಡಿದು. ಕೋಕೋವನ್ನು ಅಮ್ಮ ಬೆರಳಿಗೆ ತಾಗಿಸಿಕೊಂಡು ನೆಕ್ಕಿ ಮುಖ ಹುಳ್ಳಗೆ ಮಾಡಿದಳು. “ಮುಗ್ಗಲು ಹಿಡಿದ ಕಾಫಿಪುಡಿ ಥರ ಇದೆಯಲ್ಲೋ.” ಕಾಫಿಯ ಮಾತು ತಾನಾಗಿ ಬಂದದ್ದು ಒಳ್ಳೆಯದಾಯಿತು. ಚಾಕಲೇಟಿನ ರುಚಿ ಮೇಲೇಳಬೇಕಾದರೆ ಹಿಟ್ಟಿಗೆ ಸ್ವಲ್ಪ ಬಿಸಿ ಡಿಕಾಕ್ಷನ್ ಸೇರಿಸಬೇಕು, ಕಾಫಿಯ ಕಹಿ ಕೋಕೋವಿನ ಕಹಿಗೆ ಹೆಗಲು ಕೊಡುತ್ತದೆ. ಬೆಳಗಿನ ಫಿಲ್ಟರಿನಲ್ಲಿ ಉಳಿದಿದ್ದ ಕಾಲು ಕಪ್ ಡಿಕಾಕ್ಷನ್ ಬಗ್ಗಿಸಿದ ಮೇಲೆ ಅಮ್ಮ ಈ ಅಡುಗೆಗೆ ಅರ್ಧ ಮನಸ್ಸಿನಿಂದ ಒಪ್ಪಿಗೆ ಕೊಟ್ಟಳು.

ಇಲ್ಲಿಯವರೆಗೆ ಸರಿ. ಆಮೇಲೆ ನಾನು ಹೋಳಿಗೆ ಮಾಡುವವರ ಮಗ ಅಂತ ತೋರಿಸಿಕೊಂಡೆ. ಕಾಗದದ ಬಟ್ಟಲಿಗೆ ಒಂದು ಚಮಚ ಹಿಟ್ಟು, ನಡುವೆ ಒಂದು ಚಮಚ ಕ್ರೀಮು, ಮೇಲೆ ಮತ್ತೆ ಹಿಟ್ಟು. ಕಣಕದೊಳಗೆ ಹೂರಣ ಇಟ್ಟು ಬಾಯಿ ಮುಚ್ಚಿದ ಹಾಗೆ. 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಹೊಸ ಪೊರಕೆಯ ಕಡ್ಡಿ ಮುರಿದು ತೊಳೆದು ಚುಚ್ಚಿ ನೋಡಿದೆವು, ಹಿಟ್ಟು ಅಂಟಲಿಲ್ಲ. ಕತ್ತರಿಸಿದರೆ ಒಳಗೆ ಕ್ರೀಮೇ ಇಲ್ಲ! ಒಂದು ಜಿಡ್ಡಿನ ಗುರುತು, ಅದರ ಸುತ್ತ ಒದ್ದೆ ಒದ್ದೆ ಕೇಕು. ಕಳ್ಳ ಬಂದು ಹೋದ ಮನೆಯ ಹಾಗೆ.

“ಹೂರಣದ ಬೇಳೆ ಮೊದಲೇ ಬೆಂದಿರತ್ತೆ ಕಣೋ, ಅದಕ್ಕೇ ಹೆಂಚಿನ ಮೇಲೂ ಕೂತ್ಕೊಳ್ಳತ್ತೆ. ಇದು ಹಾಲು. ಕಾವಿಗೆ ನಿಲ್ಲತ್ತಾ?” ಎಂದಳು ಅಮ್ಮ. ಮೊದಲು ಬೇಯಿಸಿ, ಆರಿಸಿ, ಆಮೇಲೆ ತೂತು ಕೊರೆದು ತುಂಬಬೇಕು ಎಂದು ನಾನು ಫೋನು ನೋಡಿ ಹೇಳಿದಾಗ ಅವಳಿಗೆ ನಗು. “ಮದುವೆ ಆದ ಮೇಲೆ ಜಾತಕ ನೋಡಿದ ಹಾಗಾಯ್ತು.”

ಅಮೆರಿಕದವರಿಗೂ ಈ ಬುದ್ಧಿ ತಡವಾಗಿಯೇ ಬಂದದ್ದು. ಅಲ್ಲಿನ ಹೋಸ್ಟೆಸ್ ಕಂಪನಿಯ ಚಾಕಲೇಟ್ ಕಪ್‌ಕೇಕು 1919ರಿಂದ ಮಾರಾಟವಾಗುತ್ತಿತ್ತು. ಅದರ ಹೊಟ್ಟೆಗೆ ವೆನಿಲಾ ಕ್ರೀಮು, ನೆತ್ತಿಯ ಮೇಲೆ ಬಿಳಿಯ ಸುರುಳಿ ಗೆರೆ ಬಂದದ್ದು 1950ರ ಹೊತ್ತಿಗೆ. ಮೂವತ್ತು ವರ್ಷ ಹೂರಣವಿಲ್ಲದ ಹೋಳಿಗೆ ತಿಂದರು ಪಾಪ.

ಮುಂದಿನ ಭಾನುವಾರ ಕೇಕು ಸುಲಭವಾಗಿ ಬಂತು. ಹನ್ನೆರಡರಲ್ಲಿ ಹನ್ನೆರಡೂ ಸರಿಯಾಗಿ ಉಬ್ಬಿದವು. ಕ್ರೀಮಿಗೆ ಏನು ಮಾಡುವುದು? ಅಂಗಡಿಯ ಚಿಕ್ಕ ಪೆಟ್ಟಿಗೆಯ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ನೂರಕ್ಕೆ ಇಪ್ಪತ್ತೈದು. ಅದು ಎಷ್ಟು ಬಡಿದರೂ ನಿಲ್ಲುವುದಿಲ್ಲ. ಮೂವತ್ತರ ಮೇಲಿರಬೇಕು. ಫ್ರಿಜ್ಜಿನಲ್ಲಿ ಅಮ್ಮನ ಕೆನೆ ಡಬ್ಬಿ ಕಣ್ಣಿಗೆ ಬಿತ್ತು. ದಿನಾ ಕಾಯಿಸಿದ ಹಾಲಿನ ಕೆನೆಯನ್ನು ಅವಳು ಎಂಟು ದಿನ ಕೂಡಿಟ್ಟಿದ್ದಳು. ಅವಳು ದೇವರ ಮುಂದೆ ಇದ್ದ ಹೊತ್ತು ನೋಡಿ ಡಬ್ಬಿ ಬಗ್ಗಿಸಿ, ಸಕ್ಕರೆ ಪುಡಿ, ವೆನಿಲಾ ಹಾಕಿ ಬೀಟರ್ ಹಚ್ಚಿದೆ.

ಮೊದಲೆರಡು ನಿಮಿಷ ಬರೀ ಗುಳ್ಳೆ. ಆಮೇಲೆ ಬೀಟರಿನ ಹಿಂದೆ ಗೆರೆ ಮೂಡತೊಡಗಿತು, ನೀರಿನ ಮೇಲೆ ದೋಣಿ ಹೋದ ಹಾಗೆ, ಆದರೆ ಗೆರೆ ಅಳಿಸದೆ ಹಾಗೇ ಉಳಿಯುತ್ತಿತ್ತು. ಬೀಟರ್ ಎತ್ತಿದರೆ ತುದಿಯಲ್ಲಿ ಪುಟ್ಟ ಕೊಕ್ಕು. ಮಗಳು, “ಸಾಕು ಅಪ್ಪಾ,” ಎಂದಳು. ನನಗೆ ಇನ್ನೂ ಸ್ವಲ್ಪ ಗಟ್ಟಿಯಾದರೆ ಚೆನ್ನ ಎನ್ನಿಸಿತು. ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಬಟ್ಟಲಿನ ಬಣ್ಣ ತಿರುಗಿತು. ಬಿಳುಪಿನೊಳಗೆ ಎಲ್ಲಿಂದಲೋ ಹಳದಿ ಛಾಯೆ, ನುಣುಪು ಹೋಗಿ ರವೆ ರವೆ, ಮೂಲೆಯಲ್ಲಿ ತೆಳ್ಳಗೆ ನೀರು ಒಸರಿ ನನ್ನ ಶರಟಿಗೆ ಸಿಡಿಯಿತು. ಸದ್ದು ಕೇಳಿ ಬಂದ ಅಮ್ಮ ಬಗ್ಗಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳ ಮುಖ ಅರಳಿತು. “ಬೆಣ್ಣೆ ಬಂತು! ತಣ್ಣೀರು ಹಾಕೋ!”

ಬೆಣ್ಣೆ ಬರುವ ಹೊತ್ತಿಗೆ ಗಡಿಗೆ ಒಡೆಯಿತು ಅನ್ನುತ್ತಾರೆ. ನಮ್ಮಲ್ಲಿ ಬೆಣ್ಣೆ ಬಂದದ್ದೇ ಗಡಿಗೆ ಒಡೆದ ಹಾಗಾಯಿತು.

ಆಮೇಲೆ ಯೋಚಿಸಿದರೆ ಎರಡೂ ಒಂದೇ ದಾರಿ. ಕೆನೆಯಲ್ಲಿ ಕೊಬ್ಬಿನ ಸಣ್ಣ ಸಣ್ಣ ಉಂಡೆಗಳು ಪೊರೆ ಹೊದ್ದು ನೀರಿನಲ್ಲಿ ತೇಲುತ್ತಿರುತ್ತವೆ. ಬಡಿದರೆ ಗಾಳಿ ಸೇರುತ್ತದೆ, ಪೊರೆ ಹರಿಯುತ್ತದೆ, ಉಂಡೆಗಳು ಒಂದಕ್ಕೊಂದು ಕೈ ಹಿಡಿದು ಗಾಳಿಗುಳ್ಳೆಯ ಸುತ್ತ ಗೋಡೆ ಕಟ್ಟುತ್ತವೆ. ಅದು ಕ್ರೀಮು. ಇನ್ನಷ್ಟು ಬಡಿದರೆ ಗೋಡೆ ಕುಸಿದು, ಗಾಳಿ ಹಾರಿ, ಕೊಬ್ಬೆಲ್ಲ ಮುದ್ದೆ ಕಟ್ಟಿ ನೀರನ್ನು ಆಚೆ ನೂಕುತ್ತದೆ. ಅದು ಬೆಣ್ಣೆ. ಅಮ್ಮ ಕಡಗೋಲು ಹಿಡಿದ ಕಾಲದಿಂದಲೂ ನಮ್ಮ ಮನೆಯಲ್ಲಿ ಈ ಎರಡನೇ ಊರಿಗೇ ಪ್ರಯಾಣ. ನಡುವೆ ಕ್ರೀಮು ಎಂಬ ಒಂದು ಸ್ಟಾಪು ಇದೆ, ಅಲ್ಲಿ ಬಸ್ಸು ಅರ್ಧ ನಿಮಿಷ ಮಾತ್ರ ನಿಲ್ಲುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅಮ್ಮ ಬೆಣ್ಣೆಯನ್ನು ಮೂರು ನೀರಿನಲ್ಲಿ ತೊಳೆದು, “ಹೆಪ್ಪು ಹಾಕದ್ದು, ಘಮ ಕಮ್ಮಿ,” ಎನ್ನುತ್ತ ಒಲೆಗಿಟ್ಟಳು. ನಾನು ಸ್ಕೂಟರ್ ಹತ್ತಿ ಕೊಬ್ಬು ಹೆಚ್ಚಿರುವ ಹಾಲಿನ ಕ್ರೀಮು ಹುಡುಕಲು ಹೊರಟೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಮೊದಲೆರಡರಲ್ಲಿ ತೋರಿಸಿದ್ದರ ಹಿಂಬದಿಯ ಸಣ್ಣಕ್ಷರದಲ್ಲಿ ತಾಳೆ ಬೀಜದ ಎಣ್ಣೆ ಎಂದಿತ್ತು. ಅದು ಬೇಗ ಹಾಳಾಗುವುದಿಲ್ಲ ನಿಜ, ಆದರೆ ಅಂಗುಳಿಗೆ ಮೇಣ ಬಳಿದ ಹಾಗೆ ಅಂಟುತ್ತದೆ, ನನಗೆ ಬೇಡ. ಈ ಸಲ ಬಟ್ಟಲಿನ ಕೆಳಗೆ ಐಸು, ಬೀಟರಿನ ಸ್ವಿಚ್ಚು ಮಗಳ ಕೈಯಲ್ಲಿ. ಕೊಕ್ಕು ಮೂಡಿದ ಕೂಡಲೇ ಅವಳು ಆರಿಸಿಬಿಟ್ಟಳು.

ತುಂಬುವುದಕ್ಕೆ ಹಾಲಿನ ಪ್ಯಾಕೆಟ್ಟು ತೊಳೆದು ಒರೆಸಿ, ಒಂದು ಮೂಲೆ ಕತ್ತರಿಸಿ, ಮೆಹಂದಿ ಕೋನಿನ ಹಾಗೆ ಹಿಡಿದುಕೊಂಡೆವು. ಸಣ್ಣ ಚಾಕುವಿನಿಂದ ಕೇಕಿನ ನೆತ್ತಿಗೆ ಓರೆಯಾಗಿ ಕೊರೆದರೆ ಬುಗುರಿಯಂಥ ತುಂಡು ಎದ್ದು ಬರುತ್ತದೆ. ಬುಗುರಿಯ ಮೊನೆ ಕತ್ತರಿಸಿ, ಚಪ್ಪಟೆ ತಲೆಯನ್ನು ಮಾತ್ರ ಮುಚ್ಚಳಕ್ಕೆ ಇಟ್ಟುಕೊಳ್ಳಬೇಕು. ಹನ್ನೆರಡು ಮೊನೆಗಳು ಎಲ್ಲಿ ಹೋದವು ಎಂದು ಕೇಳಬಾರದು, ಕೆಲಸ ಮಾಡಿದವರ ಕೂಲಿ ಅದು. ಮೇಲೆ ಕರಗಿಸಿದ ಚಾಕಲೇಟು ಬಳಿದದ್ದೇ ಗಾಯ ಮಾಯ.

ಮಗಳು ಎರಡು ತಿಂದು, “ಪಾರ್ಟೀದರಲ್ಲಿ ಕ್ರೀಮು ಇನ್ನೂ ಜಾಸ್ತಿ ಇತ್ತು,” ಎಂದಳು. ಹೆಂಡತಿ, “ಚೆನ್ನಾಗಿದೆ ರೀ,” ಎಂದು, ಸ್ವಲ್ಪ ಬಿಟ್ಟು, “ಪಾತ್ರೆ ಎಷ್ಟಾಯ್ತು ಎಣಿಸಿದ್ರಾ?” ಎಂದಳು. ಅಮ್ಮ ಕಾಗದ ಬಿಡಿಸಿ, ಕಚ್ಚದೆ, ಹೋಳಿಗೆ ಪರೀಕ್ಷೆ ಮಾಡುವ ಹಾಗೆ ಎರಡು ಭಾಗ ಮಾಡಿ ಬೆಳಕಿಗೆ ಹಿಡಿದಳು.

“ಅಂಚಿನ ತನಕ ಹೂರಣ ಹೋಗಿಲ್ಲ,” ಎಂದು ತೀರ್ಪು ಕೊಟ್ಟು ಎರಡು ಭಾಗವನ್ನೂ ತಿಂದಳು.

ಮಂಗಳವಾರ ಮಧ್ಯಾಹ್ನ ಬಿಸಿ ಅನ್ನ, ನುಗ್ಗೆಕಾಯಿ ಹುಳಿ. ಅಮ್ಮ ತುಪ್ಪ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟವರೇ ಎಲ್ಲರೂ ತಟ್ಟೆಯಿಂದ ತಲೆ ಎತ್ತಿದೆವು. ಮೂರು ನೀರಿಗೆ ಸಕ್ಕರೆ ಹೋಗಿತ್ತು, ವೆನಿಲಾ ಹೋಗಿರಲಿಲ್ಲ. ನುಗ್ಗೆಕಾಯಿ ಹುಳಿ ಐಸ್‌ಕ್ರೀಮಿನ ಅಂಗಡಿಯ ಹಾಗೆ ಘಮಗುಟ್ಟುತ್ತಿತ್ತು. ಅಮ್ಮ ಏನೂ ಮಾತಾಡದೆ ಊಟ ಮುಗಿಸಿ, ಆ ಡಬ್ಬಿಯ ಮೇಲೆ ಮೊಮ್ಮಗಳ ಕೈಯಲ್ಲಿ ಒಂದು ಚೀಟಿ ಬರೆಸಿ ಅಂಟಿಸಿದಳು: “ಪಾಯಸಕ್ಕೆ ಮಾತ್ರ.”